ಸೇಡಿಗಾಗಿ ಕಾಯ್ದ ಶಾಂತಿ

ಹಾನಗಲ್ಲಿನ ವ್ಯಾಪಾರಿಗಳು ನನಗೊಮ್ಮೆ ಶಾಲು ಹೊದಿಸಿ, ಪೇಟೆಯ ಶಾಂತಿ ಕಾಯ್ದ ಹೆಣ್ಣುಮಗಳು ಎಂದು ಭಾಷಣ ಮಾಡಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ನಾಚಿಕೆ ಅಂದುಕೊಂಡರು. ನನಗೆ ನಗು ತಡೆಯುವುದು ಕಷ್ಟವಾಗಿತ್ತು. ಪೇಟೆ ಶಾಂತವಾಗಿರಲಿ ಎಂದು ನಾನು ಹರಕೆ ಹೊತ್ತವಳಂತೆ ಓಡಾಡಿದ್ದು ಸುಳ್ಳಲ್ಲ. ಒಬ್ಬ ಮನುಷ್ಯನ ಅಂಗಡಿ ಮುಳುಗುವುದನ್ನು ನಾನು ಕಣ್ಣಾರೆ ನೋಡಬೇಕಿತ್ತು. ಅದಕ್ಕೆ ಪೇಟೆ ದಿನವೂ ತೆರೆದಿರಬೇಕಿತ್ತು.

ನಮ್ಮದು ಸವಣೂರು. ಪಿಂಜಾರರು ನಾವು. ಅರಳೆ ಹಿಂಜಿ ಗಾದಿ ತುಂಬುವುದು ಮನೆತನದ ಕಸುಬು. ಮಸೀದಿಗೆ ಹೋಗುತ್ತೇವೆ, ಮನೆಯಲ್ಲಿ ಆಡುವುದು ಕನ್ನಡ, ಹೆತ್ತವರನ್ನು ಕರೆಯುವುದು ಅಪ್ಪ, ಅವ್ವ ಎಂದೇ. ಅಪ್ಪ ಹರೆಯದಲ್ಲಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಶಿಗ್ಗಾಂವಿ ಕಡೆಯ ಹಳ್ಳಿಗಳನ್ನು ತಿರುಗಿದವನು. ಮುಂದೆ ಮಶೀನು ಬಂತು. ಸವಣೂರಿನ ಮನೆಯ ಹಿತ್ತಲಲ್ಲಿ ಅದನ್ನು ಕೂರಿಸಿ, ಹಾನಗಲ್ಲಿನಲ್ಲಿ ಒಂದು ಅಂಗಡಿ ಬಾಡಿಗೆಗೆ ಹಿಡಿದ. ಅಲ್ಲಿ ಭತ್ತ, ಅಡಿಕೆ, ಕಬ್ಬಿನ ದುಡ್ಡು ಕೈಗೆ ಬಂದ ಮನೆಗಳಲ್ಲಿ ಮದುವೆಗಳು ಜೋರು. ಹೆಣ್ಣಿನ ಜೊತೆ ಮಂಚ, ಗಾದಿ, ತಿಜೋರಿ ಕಳಿಸುವ ರೂಢಿ. ಹತ್ತಿಯನ್ನು ಹಿರೇಕೆರೂರಿನಿಂದ ತರುತ್ತಿದ್ದ. ನಾನು ಬಿ.ಕಾಂ. ಮುಗಿಸಿ ಅಂಗಡಿಯಲ್ಲಿ ಅಪ್ಪನ ಜೊತೆ ಕೂರುತ್ತಿದ್ದೆ.

ನಮ್ಮ ಪಕ್ಕದ್ದು ಮಂಚ, ತಿಜೋರಿ ಮಾರುವ ದೊಡ್ಡ ಶೋರೂಮು. ಅದರ ಮಾಲೀಕರನ್ನು ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದರು, ನಾವೂ. ಅವರಲ್ಲಿ ಮಂಚ ಕೊಂಡವರು ನಮ್ಮಲ್ಲಿ ಗಾದಿ ಹೇಳಿ ಹೋಗುತ್ತಿದ್ದರು. ರಮಜಾನಿನ ಹಬ್ಬಕ್ಕೆ ಅವರು ನಮ್ಮ ಮನೆಗೆ ಬಂದು ಸುರಕುಂಬಾ ಪಾಯಸ ಕುಡಿದಿದ್ದಾರೆ. ಅವರ ಮಗಳ ಮದುವೆಯ ಗಾದಿಗೆ ಅಪ್ಪ ಆಳುಗಳನ್ನು ಮುಟ್ಟಗೊಡದೆ ತಾನೇ ಸೂಜಿ ಹಿಡಿದು ಹೊಲಿಗೆ ಹಾಕಿದ್ದ.

ಆಮೇಲೆ ಕಂಪನಿಯ ಫೋಮ್ ಗಾದಿಗಳು ಬಂದವು. ಸಾವ್ಕಾರ್ರು ಅದರ ಏಜೆನ್ಸಿ ತೆಗೆದುಕೊಂಡರು. ಇಡಲು ಜಾಗ ಸಾಲದೆ, ನಮ್ಮ ಅಂಗಡಿಯನ್ನೂ ತಮಗೇ ಕೊಡಿ ಎಂದು ಕಟ್ಟಡದ ಮಾಲೀಕನನ್ನು ಕೇಳಿದರು. ಹಳೆಯ ಬಾಡಿಗೆದಾರನನ್ನು ಸುಮ್ಮಸುಮ್ಮನೆ ಹೇಗೆ ಎಬ್ಬಿಸಲಿ ಎಂದು ಆತ ಒಪ್ಪಲಿಲ್ಲ. ಇದನ್ನು ಸಾವ್ಕಾರ್ರೇ ನಗುತ್ತ ಅಪ್ಪನಿಗೆ ಹೇಳಿದ್ದರು. ಅಪ್ಪನೂ ನಕ್ಕಿದ್ದ.

ಅದಾದ ಕೆಲವು ತಿಂಗಳಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಎರಡು ಬೈಕು ತಾಕಿ ನಾಲ್ಕು ಮಂದಿ ಹುಡುಗರು ಬಡಿದಾಡಿಕೊಂಡರು. ಹಬ್ಬದ ದಿನವಾದ್ದರಿಂದ ಅದಕ್ಕೆ ಕೋಮಿನ ಬಣ್ಣ ಬಂತು. ಸಂಜೆಗೆ ಎಲ್ಲರ ಮೊಬೈಲಿನಲ್ಲೂ ಒಂದು ಫೋಟೋ ಹರಿದಾಡಿತು. ಅರಳೆ ಮೂಟೆಗಳ ಸಂದಿಯಲ್ಲಿ ಗೋಡೆಗೆ ಒರಗಿಸಿಟ್ಟ ಬಡಿಗೆಗಳ ಸಾಲು. ಕೆಳಗೆ, ಇವರು ತಯಾರಿ ಮಾಡಿಕೊಂಡಿದ್ದಾರೆ, ಎಚ್ಚರ, ಎಂಬ ಬರಹ. ಅವು ನಮ್ಮ ಅಂಗಡಿಯವು, ತುಂಬಿದ ಗಾದಿಯನ್ನು ಬಡಿದು ಸಮ ಮಾಡುವ ಬಡಿಗೆಗಳು. ನಮ್ಮಂಥವರ ಯಾವ ಅಂಗಡಿಗೆ ಹೋದರೂ ಸಿಗುತ್ತವೆ. ಆದರೆ ಆ ಸಂಜೆ ಅದನ್ನು ಕೇಳುವ ವ್ಯವಧಾನ ಯಾರಿಗಿತ್ತು?

ನಾವು ಅಷ್ಟರಲ್ಲಿ ಕದ ಹಾಕಿ ಸವಣೂರಿನ ಬಸ್ಸು ಹತ್ತಿದ್ದೆವು. ಸುದ್ದಿ ಮುಟ್ಟಿ ವಾಪಸು ಬರುವುದರೊಳಗೆ ಅಂಗಡಿ ಉರಿಯುತ್ತಿತ್ತು. ಅರಳೆಗೆ ಬೆಂಕಿ ಬಿದ್ದರೆ ಭಗ್ಗೆಂದು ಎದ್ದು ಆರಿದಂತೆ ಕಾಣುತ್ತದೆ, ಒಳಗೊಳಗೆ ದಿನಗಟ್ಟಲೆ ಬೇಯುತ್ತದೆ. ಮರುದಿನವೂ ಮೂಟೆಗಳಿಂದ ಹೊಗೆ ಏಳುತ್ತಿತ್ತು. ಅಪ್ಪ ಒಂದು ಕೋಲಿನಿಂದ ಬೂದಿ ಕೆದಕಿ, ಒಳಗೆ ಕೆಂಪಗೆ ಕಂಡಾಗ ನೀರು ಹಾಕುತ್ತಿದ್ದ.

ನಾನು ಮೊಬೈಲು ತೆಗೆದು ಆ ಫೋಟೋವನ್ನೇ ನೋಡುತ್ತ ನಿಂತೆ. ಬಡಿಗೆಗಳನ್ನು ಮೇಲಿನಿಂದ ಓರೆಯಾಗಿ ತೆಗೆದಿದ್ದರು. ಬಾಗಿಲಲ್ಲಿ ನಿಂತರೆ ಹಾಗೆ ಕಾಣುವುದಿಲ್ಲ. ನಮ್ಮ ಅಂಗಡಿಯ ಹಿಂದಿನ ಗೋಡೆಯಲ್ಲಿ ಎತ್ತರದಲ್ಲೊಂದು ಕಿಟಕಿ ಇತ್ತು. ಅದರ ಆಚೆಗಿರುವುದು ಸಾವ್ಕಾರ್ರ ಗೋಡೌನು. ಅಲ್ಲಿಯ ಅಟ್ಟ ಹತ್ತಿದವರಿಗೆ ಮಾತ್ರ ಅದು ಎಟಕುತ್ತದೆ. ಗೋಡೌನಿನ ಕೀಲಿಯನ್ನು ಸಾವ್ಕಾರ್ರು ಆಳುಗಳ ಕೈಗೆ ಕೊಡುತ್ತಿರಲಿಲ್ಲ, ಸೊಂಟದಲ್ಲೇ ಇಟ್ಟುಕೊಳ್ಳುತ್ತಿದ್ದರು.

ಪೊಲೀಸರು ದೂರು ಬರೆದುಕೊಂಡರು, ವಿಚಾರಿಸಿದರು. ಮೆಸೇಜು ಮೊದಲು ಯಾರಿಂದ ಹೊರಟಿತು ಎಂಬುದು ಸಿಗಲಿಲ್ಲ. ಕಟ್ಟಡದ ಮಾಲೀಕ ಕೈ ಮುಗಿದು, "ನನಗ ಅಂಜಿಕಿ ಆಗೇತ್ರಿ, ಬ್ಯಾರೆ ಕಡೆ ನೋಡ್ಕೋರಿ" ಅಂದ. ಗೋಡೆಗೆ ಸುಣ್ಣ ಹೊಡೆಸಿದ ಮೇಲೆ ಅಲ್ಲಿ ಫೋಮ್ ಗಾದಿಗಳು ಬಂದು ಕೂತವು. ಮುಂದಿನ ಹಬ್ಬದ ಹೊತ್ತಿಗೆ ಊರಲ್ಲಿ ಶಾಂತಿ ಸಮಿತಿ ಆಯಿತು. ಅದರಲ್ಲಿ ಸಾವ್ಕಾರ್ರೂ ಒಬ್ಬ ಸದಸ್ಯರು. ಎರಡೂ ಕಡೆಯ ಜನಕ್ಕೆ ಶರಬತ್ತು ಹಂಚುವ ಅವರ ಫೋಟೋ ಪೇಪರಿನಲ್ಲಿ ಬಂದಿತ್ತು. ಅವ್ವ ಅದನ್ನು ನೋಡಿ ಒಲೆಗೆ ಹಾಕಿದಳು.

ಅಪ್ಪ ಸವಣೂರಿನ ಮನೆಯಲ್ಲೇ ಅಷ್ಟಿಷ್ಟು ಹಳೆ ಗಾದಿ ಹಿಂಜಿ ಕೊಡುತ್ತ ಉಳಿದ. "ಬಿಟ್ಟಬಿಡ ಅತ್ಲಾಗ. ಜೀವ ಉಳದಾವಲ್ಲ, ಸಾಕ" ಎನ್ನುತ್ತಿದ್ದ. ನನಗೆ ಬಿಡಲಾಗಲಿಲ್ಲ. ಅಡಿಗೆ ಮಾಡುವಾಗ, ಬಟ್ಟೆ ಒಗೆಯುವಾಗ ಸಾವ್ಕಾರ್ರ ಶೋರೂಮೂ ಹಾಗೇ ಉರಿಯುವುದನ್ನು ನೆನೆದು ಸುಖಪಡುತ್ತಿದ್ದೆ. ಸಾಗವಾನಿ ಮಂಚ, ಪ್ಲೈವುಡ್ ಕಪಾಟು, ಫೋಮು. ಎಷ್ಟು ಚೆನ್ನಾಗಿ ಉರಿಯುತ್ತಿತ್ತು. ಆದರೆ ಬೆಂಕಿಯಿಂದ ಅವರಿಗೆ ಅನುಕಂಪ ಸಿಗುತ್ತದೆ, ವಿಮೆ ಸಿಗುತ್ತದೆ. ಅದು ನನಗೆ ಬೇಡವಾಗಿತ್ತು.

ಆಗ ಧಾರವಾಡದ ಒಂದು ಸಂಸ್ಥೆಯವರು ಶಾಂತಿಯನ್ನು ಅಳೆಯಲು ಬಂದರು. ಹೀಗೆಂದಾಗ ನಾನೂ ನಕ್ಕಿದ್ದೆ. ಒಂದು ಪೇಟೆ ಎಷ್ಟು ಶಾಂತವಾಗಿದೆ, ಅದರಿಂದ ವ್ಯಾಪಾರ ಹೇಗೆ ಏಳುತ್ತದೆ ಅಥವಾ ಬೀಳುತ್ತದೆ ಎಂದು ಸವಣೂರು, ಶಿಗ್ಗಾಂವಿ, ಹಾನಗಲ್, ಹಿರೇಕೆರೂರಿನ ಅಂಗಡಿ ಅಂಗಡಿಗೆ ಹೋಗಿ ಕೇಳಬೇಕಿತ್ತು. ಈ ಕಡೆಯ ಮಾತು ಬರುವ ಡಿಗ್ರಿ ಮುಗಿಸಿದವರು ಬೇಕಿದ್ದರು. ನಾನು ಸೇರಿಕೊಂಡೆ. ಸಂಬಳದ ಆಸೆಯೂ ಇತ್ತು. ಸಾವ್ಕಾರ್ರ ಅಂಗಡಿಯೊಳಗೆ ಕಾಲಿಟ್ಟು ಪ್ರಶ್ನೆ ಕೇಳುವ ಅಧಿಕಾರ ಅದಕ್ಕಿಂತ ದೊಡ್ಡ ಆಸೆಯಾಗಿತ್ತು.

ಕೆಲಸ ಕಲಿಸಿದ ಮೇಡಂ ವಯಸ್ಸಿನಲ್ಲಿ ನನ್ನ ಅಕ್ಕನಷ್ಟಿದ್ದರು. ಜಗಳ ಆಗಲಿಲ್ಲ ಅಂದಮಾತ್ರಕ್ಕೆ ಶಾಂತಿ ಇದೆ ಅಂತ ಬರೆಯಬೇಡಿ, ಅಂಜಿ ಸುಮ್ಮನಿರುವುದೂ ಹೊರಗಿನಿಂದ ಹಾಗೇ ಕಾಣುತ್ತದೆ, ಎಂದರು. ಆಮೇಲೆ ನಾನು ಕಂಡಿದ್ದೂ ಅದನ್ನೇ. ಶಿಗ್ಗಾಂವಿಯ ಬಳೆಗಾರ್ತಿ ಒಬ್ಬಳು, "ಹೆಣ್ಮಕ್ಕಳು ಕುಂತು ಕೈ ಚಾಚಿ ಬಳಿ ಇಡಿಸ್ಕೊಂಡ್ರ ಊರು ಚಲೋ ಐತಿ ಅಂತ ತಿಳ್ಕೋ. ನಿಂತಕೊಂಡ ಪೊಟ್ಟಣ ಕಟ್ಟಿಸ್ಕೊಂಡ ಹೋದ್ರ ಏನೋ ಆಗೇತಿ" ಅಂದಳು. ನಮ್ಮೂರಿನ ವೀಳ್ಯದೆಲೆ ವ್ಯಾಪಾರಿ, ಬಂದ್ ಎಂದರೆ ಎಲೆ ಕೇಳುವುದಿಲ್ಲ, ಬಾಡುತ್ತದೆ, ಎಂದು ಬುಟ್ಟಿಯ ತಳ ತೋರಿಸಿದ. ಗಲಾಟೆಯ ವಾಸನೆ ಬಂದರೆ ಎಲ್ಲ ಊರಿನವರೂ ಮಾಡುವುದು ಒಂದೇ ಕೆಲಸ: ಶಟರನ್ನು ಅರ್ಧಕ್ಕೆ ಎಳೆಯುವುದು. ಒಮ್ಮೆ ಅರ್ಧಕ್ಕೆ ಬಂದ ಶಟರು ಪೂರ್ತಿ ಮೇಲೇರಲು ವಾರಗಳೇ ಬೇಕು.

ಸಾವ್ಕಾರ್ರ ಸರದಿ ಬಂತು. ನನ್ನನ್ನು ನೋಡಿ ಅವರು ತಬ್ಬಿಬ್ಬಾಗಲಿಲ್ಲ. "ಬಾ ತಂಗಿ, ಕುಂದರು. ಅಪ್ಪ ಆರಾಮ ಅದಾನಿಲ್ಲ?" ಎಂದು ಚಹಾ ತರಿಸಿದರು.

"ಆರಾಮ ಅದಾನ್ರಿ" ಎಂದೆ. ಚಹಾ ಮುಟ್ಟಲಿಲ್ಲ. "ನಿಮ್ಮ ಪ್ಯಾಟಿಗೆ ಶಾಂತಿ ವಿಷಯದಾಗ ಹತ್ತಕ್ಕ ಎಷ್ಟ ಕೊಡ್ತೀರಿ?"

"ಹತ್ತಕ್ಕ ಹತ್ತು ಬರಕೋ. ಏನ್ ಕಡಿಮಿ ಆಗೇತಿ ಇಲ್ಲೆ?"

"ಬಂದ್ ಆದ ದಿವಸ ನಿಮಗ ಎಷ್ಟ ಹಾನಿ ಆಗತೈತ್ರಿ?"

ಅವರು ನಕ್ಕರು. "ನನಗ್ಯಾಕ ಹಾನಿ? ಜನ ಪ್ಯಾಟಿಗೆ ಬರಾಕ ಅಂಜತಾರ, ನಾ ಅವರ ಮನಿಗೆ ಹೋಗ್ತೇನಿ. ಎರಡ ವ್ಯಾನ್ ಅದಾವ. ಸಣ್ಣ ಅಂಗಡಿಯವ್ರು ಕದಾ ಹಾಕ್ಕೊಂಡ ಕುಂತಿರ್ತಾರ. ಖರೇ ಹೇಳಬೇಕಂದ್ರ ಬಂದ್ ಇದ್ದಾಗನ ನನ್ನ ಗಾದಿ ಹೆಚ್ಚ ಹೋಗ್ತಾವ."

ನಮ್ಮ ಬೂದಿಯ ಮೇಲೆ ಕೂತು ಅವರು ಇದನ್ನು ಹೇಳುತ್ತಿದ್ದರು. ನಾನು ಬರೆದುಕೊಂಡು ಎದ್ದು ಬಂದೆ. ಬಸ್‌ಸ್ಟ್ಯಾಂಡಿನವರೆಗೆ ಓಡುವಂತೆ ನಡೆದೆ. ಸಿಟ್ಟಿಗೆ ಮಾತ್ರವಲ್ಲ. ಅವರಿಗೆ ಎಲ್ಲಿ ನೋಯುತ್ತದೆ ಎಂಬುದನ್ನು ಅವರೇ ಬಾಯಿಬಿಟ್ಟು ಹೇಳಿದ್ದರು. ಪೇಟೆ ಹೆದರಿದಷ್ಟು ಅವರು ಬೆಳೆಯುತ್ತಾರೆ. ಹಾಗಿದ್ದರೆ ಪೇಟೆ ಹೆದರದಿದ್ದರೆ?

ಹಿರೇಕೆರೂರಿನಲ್ಲಿ ಅಪ್ಪನಿಗೆ ಹತ್ತಿ ಕೊಡುತ್ತಿದ್ದ ವ್ಯಾಪಾರಿ ಸಿಕ್ಕರು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಮಾತು ಖಡಕ್ಕು. ಪ್ರಶ್ನೆ ಕೇಳುವ ಮೊದಲೇ, "ನಿಮ್ಮಪ್ಪ ಅಂಗಡಿ ಯಾಕ ಬಿಟ್ಟ? ಗಾದಿಗೆ ಹೋಗೂ ಹತ್ತಿಗೆ ಈಗ ಗಿರಾಕಿನ ಇಲ್ಲ" ಎಂದು ರೇಗಿದರು. ಆ ಬೆಂಕಿ ಹಾನಗಲ್ಲಿನಲ್ಲೇ ಆರಿತ್ತು ಎಂದು ನಾನು ತಿಳಿದಿದ್ದೆ. ಇಲ್ಲಿ ಅವರ ಗೋಡೌನಿನಲ್ಲಿ ಮಾಲು ಹಾಗೇ ಬಿದ್ದಿತ್ತು.

"ಮತ್ತ ತಗಿಬೇಕಂತ ಮಾಡೇನ್ರಿ. ಹಾನಗಲ್ಲಾಗ. ಅದ ಸಾವ್ಕಾರ್ರ ಎದುರಿಗೆ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ವ್ಯಾಪಾರ ಮಾಡಾಕೋ, ಹಗಿ ತೀರಿಸ್ಕೊಳ್ಳಾಕೋ?"

"ಎರಡಕ್ಕೂ."

"ಹಂಗಂದ್ರ ಹತ್ತಿ ಉದ್ರಿ ಕೊಡ್ತೇನಿ. ಬರೇ ಹಗಿ ಅಂದಿದ್ರ ಕೊಡ್ತಿದ್ದಿಲ್ಲ" ಎಂದರು. ಅವರ ಅಕ್ಕನ ಮನೆ ಹಾನಗಲ್ಲಿನ ಅದೇ ಬೀದಿಯಲ್ಲಿತ್ತು. ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಮಳಿಗೆ ಖಾಲಿ ಬಿದ್ದಿತ್ತು. ಅದನ್ನು ನನಗೆ ಕೊಡಿಸಿದರು.

ಆ ಮುದುಕಿಯನ್ನು ನಾನು ಅಮ್ಮಾರು ಎನ್ನುತ್ತಿದ್ದೆ. ಮೊದಲ ದಿನವೇ ಕೇಳಿದರು, "ಯವ್ವಾ, ಮತ್ತ ಬೆಂಕಿ ಹಚ್ಚಿದ್ರ?" "ನಿಮ್ಮನಿಗೂ ಹತ್ತತೈತ್ರಿ" ಎಂದೆ. "ಹಚ್ಚಲಿ ನೋಡ್ತೇನಿ" ಎಂದು ಕೀಲಿಕೈ ಕೊಟ್ಟರು.

ಅಪ್ಪ ಮಾತ್ರ ಒಂದು ವಾರ ನನ್ನೊಡನೆ ಮಾತು ಬಿಟ್ಟ. ಆಮೇಲೆ ತಾನೇ ಮಶೀನಿಗೆ ಎಣ್ಣೆ ಹಾಕಿ, ಸವಣೂರಿನ ನಾಲ್ಕು ಮನೆಯ ಹೆಣ್ಣುಮಕ್ಕಳನ್ನು ಹೊಲಿಗೆಗೆ ಕೂರಿಸಿದ. ಗಾದಿಗಳು ಟೆಂಪೋದಲ್ಲಿ ಹಾನಗಲ್ಲಿಗೆ ಬರತೊಡಗಿದವು. ಅಂಗಡಿಯ ಬಾಗಿಲಲ್ಲಿ ಕೂತರೆ ನನ್ನ ಕಣ್ಣಿಗೆ ಬೀಳುತ್ತಿದ್ದುದು ಶೋರೂಮಿನ ಗಾಜು. ಅವರಿಗೂ ನಾನು ದಿನವಿಡೀ ಕಾಣಬೇಕೆಂದೇ ಹಸಿರು, ಕೆಂಪು ಪಟ್ಟೆಯ ಗಾದಿಗಳನ್ನು ಹೊರಗೆ ಸಾಲಾಗಿ ನಿಲ್ಲಿಸುತ್ತಿದ್ದೆ.

ಹಳೆಯ ಗಾದಿ ತನ್ನಿ, ಹಿಂಜಿ ಹೊಸದರಂತೆ ಮಾಡಿಕೊಡುತ್ತೇನೆ, ಎಂದು ಬೋರ್ಡು ಬರೆಸಿದೆ. ಫೋಮಿಗೆ ಅದು ಆಗುವುದಿಲ್ಲ, ಕುಸಿದರೆ ಕುಸಿಯಿತು. ನಡು ನೋಯುತ್ತದೆ ಎಂದು ಫೋಮು ಬಿಟ್ಟವರೂ ಬಂದರು. ಸಾವ್ಕಾರ್ರು ದರ ಇಳಿಸಿದರು. ನಾನು ಇಳಿಸಲಿಲ್ಲ. ಆಗ ನನ್ನ ಗಾದಿಯೊಳಗೆ ದವಾಖಾನೆಯ ಹೊಲಸು ಹತ್ತಿ ಇದೆ ಎಂಬ ಮಾತು ಹುಟ್ಟಿತು. ಮಾಸೂರಿನಿಂದ ಮಗಳ ಮದುವೆಗೆ ಗಾದಿ ಕೊಳ್ಳಲು ಬಂದಿದ್ದ ಒಬ್ಬ ತಾಯಿ ಅಳುಕುತ್ತ ಅದನ್ನು ಕೇಳಿದಳು. ನಾನು ಅಲ್ಲಿದ್ದುದರಲ್ಲಿ ಅತಿ ದೊಡ್ಡ ಗಾದಿಯನ್ನು ಬೀದಿಗೆ ಎಳೆದುಕೊಂಡು ಬಂದು ಕತ್ತರಿಯಿಂದ ಉದ್ದಕ್ಕೂ ಸೀಳಿದೆ. ಬಿಳಿ ಅರಳೆ ಚೆಲ್ಲಿತು.

"ನೋಡ್ರಿ, ಮೂಸ್ರಿ. ಬಾಯಾಗ ಬೇಕಾದ್ರೂ ಇಟ್ಕೋರಿ" ಎಂದೆ. ಆಮೇಲೆ ಗಾಜಿನ ಕಡೆ ತಿರುಗಿ, "ಸಾವ್ಕಾರ್ರ, ನಿಮ್ಮದೂ ಒಂದ ತಂದು ಸೀಳ್ರಿ. ಒಳಗ ಏನೈತಿ ಜನಾ ನೋಡ್ಲಿ" ಎಂದು ಕೂಗಿದೆ. ಅವರು ಹೊರಗೆ ಬರಲಿಲ್ಲ. ಆ ತಾಯಿ ಎರಡು ಗಾದಿಗೆ ಹೇಳಿ ಹೋದಳು. ಅಂದು ಊಟ ಎಷ್ಟು ರುಚಿಯಾಗಿತ್ತೆಂದರೆ, ಬರೀ ರೊಟ್ಟಿ, ಪುಂಡಿಪಲ್ಲೆಯನ್ನು ಹಬ್ಬದಡಿಗೆಯಂತೆ ಉಂಡೆ.

ಮುಂದಿನ ಮದುವೆ ದಿನಗಳು ಕಾಲಿಡುತ್ತಿದ್ದಾಗಲೇ ಮತ್ತೆ ಒಂದು ಮೆಸೇಜು ಬಂತು. ಬಸ್‌ಸ್ಟ್ಯಾಂಡಿನಲ್ಲಿ ಒಂದು ಕೋಮಿನ ಬಾವುಟ ಹರಿದು ಬಿಸಾಕಿದ್ದಾರೆ, ಹುಡುಗರು ಸೇರುತ್ತಿದ್ದಾರೆ, ಎಂದು. ಬೆಳಗಿನ ವ್ಯಾಪಾರ ಆಗಷ್ಟೇ ಕುದುರಿತ್ತು. ಬೀದಿಯ ಆ ತುದಿಯಿಂದ ಶಟರುಗಳ ಸಪ್ಪಳ ಶುರುವಾಯಿತು. ಒಂದೊಂದೇ ಅರ್ಧಕ್ಕೆ ಇಳಿಯುತ್ತ ಬಂದವು. ನನ್ನ ಅಂಗಡಿಯಲ್ಲಿ ಕೂತಿದ್ದ ಹೆಣ್ಣುಮಕ್ಕಳು ಸೆರಗು ಸರಿಪಡಿಸಿಕೊಂಡು ಎದ್ದರು.

ಎದುರಿಗೆ ನೋಡಿದೆ. ಸಾವ್ಕಾರ್ರು ಗಡಿಬಿಡಿಯಿಲ್ಲದೆ ನಿಂತಿದ್ದರು. ಆಳುಗಳು ವ್ಯಾನಿಗೆ ಫೋಮ್ ಗಾದಿ ಏರಿಸುತ್ತಿದ್ದರು. ಈ ಮೆಸೇಜು ಅವರದೇ ಎಂದು ನಾನು ಇಂದಿಗೂ ಆಣೆ ಮಾಡಿ ಹೇಳಲಾರೆ. ಆದರೆ ಪೇಟೆ ಕೆಲವು ದಿನ ಮುಚ್ಚಿದರೆ ಅವರು ಬದುಕಿಕೊಳ್ಳುತ್ತಾರೆ ಎಂಬುದು ಸೂರ್ಯನಷ್ಟು ಸ್ಪಷ್ಟವಿತ್ತು. ಇಷ್ಟು ದಿನ ನಾನು ತೋಡಿದ ಹಳ್ಳ ಒಂದೇ ವಾರದಲ್ಲಿ ಮುಚ್ಚಿ ಹೋಗುತ್ತಿತ್ತು.

ಅಮ್ಮಾರನ್ನು ಕರೆದೆ. "ಅಂಗಡಿ ಮುಂದ ಕುಂದರ್ರಿ. ಏಳಬ್ಯಾಡ್ರಿ" ಎಂದೆ. ಅವರು ಬೀದಿಯ ಅಂಚಿಗೆ ಒಂದು ಗಾದಿ ಹಾಸಿಸಿಕೊಂಡು, ಕಾಲು ಚಾಚಿ ಕೂತು ಎಲೆ ಅಡಿಕೆ ಚೀಲ ಬಿಚ್ಚಿದರು. ಎಂಬತ್ತರ ಹತ್ತಿರದ ಮುದುಕಿ ಬೀದಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತ ಕೂತಿರುವಾಗ ಗಂಡಸರಿಗೆ ಕದ ಹಾಕಿಕೊಳ್ಳಲು ನಾಚಿಕೆಯಾಯಿತು. ಪಕ್ಕದ ಪಾತ್ರೆ ಅಂಗಡಿಯವನು ಶಟರು ಹಿಡಿದವನು ಹಾಗೇ ನಿಂತ.

"ಬಸ್‌ಸ್ಟ್ಯಾಂಡಿಗೆ ಹೋಗಿ ನೋಡೂಣು ಬಾರಣ್ಣ" ಎಂದು ಅವನನ್ನು ಹೊರಡಿಸಿದೆ. ಅಲ್ಲಿ ಹರಿದ ಬಾವುಟ ಇರಲಿಲ್ಲ, ಗುಂಪೂ ಇರಲಿಲ್ಲ. ಹಾವೇರಿ ಬಸ್ಸಿಗೆ ಕಾಯುವವರು ಕಡಲೆಕಾಯಿ ತಿನ್ನುತ್ತಿದ್ದರು. ಅವನ ಮೊಬೈಲಿನಲ್ಲೇ ವಿಡಿಯೋ ತೆಗೆಸಿದೆ. ಅವನ ಬಾಯಿಂದಲೇ ಹೇಳಿಸಿದೆ, ನನ್ನ ಮುಖ ಕಂಡರೆ ಅರ್ಧ ಜನ ನಂಬುವುದಿಲ್ಲವೆಂದು ಗೊತ್ತಿತ್ತು. "ಏನೂ ಆಗಿಲ್ರಿ. ನಾ ಇಲ್ಲೇ ನಿಂತೇನಿ. ಅಂಗಡಿ ತಗೀರಿ" ಎಂದು ಅವನು ಹೇಳಿದ. ಅಳತೆಯ ಕೆಲಸದಲ್ಲಿ ಗುರುತಾದ ನಾಲ್ಕೂ ಊರಿನ ವ್ಯಾಪಾರಿಗಳ ನಂಬರು ನನ್ನಲ್ಲಿದ್ದವು. ಎಲ್ಲರಿಗೂ ಕಳಿಸಿದೆ. ಹಿರೇಕೆರೂರಿನ ಹತ್ತಿ ವ್ಯಾಪಾರಿ ಅದನ್ನು ಹಳ್ಳಿಹಳ್ಳಿಗೆ ಹರಡಿದರು. ಪೊಲೀಸರೂ ಜೀಪಿನಲ್ಲಿ ಬಂದು, ಸುಳ್ಳು ಸುದ್ದಿ ಎಂದು ಮೈಕಿನಲ್ಲಿ ಸಾರಿದರು.

ನಾನು ವಾಪಸು ಬರುತ್ತ ಪ್ರತಿ ಅಂಗಡಿಯ ಮುಂದೆ ನಿಂತೆ. ಬೇಡಿಕೊಂಡೆ ಎಂದು ಜನ ಹೇಳುತ್ತಾರೆ. ಬೇಡಿಕೊಳ್ಳಲಿಲ್ಲ, ಬೈದೆ. ಮಧ್ಯಾಹ್ನದ ಹೊತ್ತಿಗೆ ಶಟರುಗಳು ಮೇಲೇರಿದ್ದವು. ಎದ್ದು ಹೋದ ಹೆಣ್ಣುಮಕ್ಕಳಲ್ಲಿ ಇಬ್ಬರು ತಿರುಗಿ ಬಂದು, ಚಪ್ಪಲಿ ಬಿಟ್ಟು, ಗಾದಿಯ ಮೇಲೆ ಕೂತರು. ಹಳ್ಳಿಗೆ ಹೋಗಿದ್ದ ವ್ಯಾನು ಸಂಜೆ ತುಂಬಿದ ಹಾಗೇ ಬಂತು. ಆಳುಗಳು ಗಾದಿ ಇಳಿಸುವುದನ್ನು ನಾನು ಎದ್ದು ನಿಂತು ಕೊನೆಯವರೆಗೂ ನೋಡಿದೆ.

ಶಾಲು ಹೊದಿಸಿದ್ದು ಅದಕ್ಕೇ. ಧಾರವಾಡದ ಮೇಡಂ ಫೋನು ಮಾಡಿ ಬಹಳ ಮೆಚ್ಚಿಕೊಂಡರು. ನೀವು ಅಳೆಯಲು ಬಂದ ಶಾಂತಿ ನನಗೆ ಬಡಿಗೆಯಾಗಿ ಒದಗಿತು ಎಂದು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಯಾವ ಖಾನೆಯಲ್ಲಿ ಬರೆದುಕೊಳ್ಳುತ್ತಿದ್ದರೋ.

ಆಮೇಲೆ ಬೀದಿ ಬೆಳೆಯಿತು. ಗಾದಿಗೆ ಬಂದವರು ಪಾತ್ರೆ ಕೊಂಡರು, ಪಾತ್ರೆಗೆ ಬಂದವರು ಸೀರೆ ನೋಡಿದರು. ಸವಣೂರಿನಲ್ಲಿ ಹೊಲಿಗೆಗೆ ಇನ್ನಷ್ಟು ಮನೆಯವರು ಸೇರಿದರು. ಹಿರೇಕೆರೂರಿನ ಗೋಡೌನು ಖಾಲಿಯಾಯಿತು. ಸಾವ್ಕಾರ್ರ ಮಂಚಗಳೂ ಹೋಗಬೇಕಿತ್ತು, ಆದರೆ ನಾನು ಹಾವೇರಿಯ ಬಡಗಿಯೊಬ್ಬನನ್ನು ಹುಡುಕಿ ಮಂಚವನ್ನೂ ಇಟ್ಟೆ. ಅದರಲ್ಲಿ ನನಗೆ ಲಾಭ ಹೆಚ್ಚೇನಿರಲಿಲ್ಲ. ಫೋಮ್ ಕಂಪನಿಯವರು ಏಜೆನ್ಸಿಯನ್ನು ಬೇರೆಯವರಿಗೆ ಕೊಟ್ಟರು. ಒಂದು ವ್ಯಾನು ಹೋಯಿತು, ಆಮೇಲೆ ಇನ್ನೊಂದು.

ಒಂದು ದಿನ ಸಾವ್ಕಾರ್ರು ರಸ್ತೆ ದಾಟಿ ಬಂದರು. ಎಷ್ಟೋ ವರ್ಷದಲ್ಲಿ ಮೊದಲ ಸಲ. ಅಪ್ಪ ಅಂದು ಅಂಗಡಿಯಲ್ಲಿದ್ದ. ಉಳಿದ ಮಂಚಗಳನ್ನು ನಿಮ್ಮಲ್ಲೇ ಇಟ್ಟು ಮಾರಿಕೊಡಿ ಎಂದು ಕೇಳಿದರು. ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಅಂದೆ, "ಮಾರಿ ಕೊಡ್ತೇನ್ರಿ. ನಮ್ಮಂಗಡಿ ಬಡಿಗಿ ಫೋಟೋ ತಗದವ್ರು ಯಾರಂತ ಶಾಂತಿ ಸಮಿತಿ ಮುಂದ ಹೇಳ್ರಿ."

ಅವರು ಅಪ್ಪನ ಕಡೆ ನೋಡಿದರು. ಅಪ್ಪ ದಾರ ಪೋಣಿಸುತ್ತ ತಲೆ ಎತ್ತಲಿಲ್ಲ.

"ಬೆಂಕಿ ಹಚ್ಚತಾರಂತ ನನಗ ಗೊತ್ತಿರಲಿಲ್ಲ" ಎಂದರು ಸಾವ್ಕಾರ್ರು. "ಅಂಜಿ ಬಿಟ್ಟ ಹೋಗ್ತೀರಿ ಅಂದ್ಕೊಂಡಿದ್ದೆ, ಅಷ್ಟ."

ಆ ಮಾತಿಗಾಗಿ ನಾನು ವರ್ಷಗಟ್ಟಲೆ ಕಾದಿದ್ದೆ. ಬಂದಾಗ ಹೊಟ್ಟೆ ತುಂಬಲಿಲ್ಲ. "ಇಲ್ಲಿ ಬ್ಯಾಡ. ಅಲ್ಲಿ ಹೇಳ್ರಿ" ಎಂದೆ. ಅವರು ಹಾಗೇ ತಿರುಗಿ ಹೋದರು. ಸಮಿತಿಯ ಮುಂದೆ ಹೇಳಲಿಲ್ಲ, ಸಭೆಗೆ ಬರುವುದನ್ನು ಬಿಟ್ಟರು. ಶೋರೂಮು ಖಾಲಿ ಮಾಡಿದರು. ಅಪ್ಪ ಅಂದು ಸಂಜೆ, "ಇನ್ನಾರ ಸಾಕ ಮಾಡ" ಎಂದ. ನಾನು ಹೂಂ ಎನ್ನಲಿಲ್ಲ.

ಶೋರೂಮಿನ ಜಾಗವನ್ನು ಈಗ ನಾನೇ ಬಾಡಿಗೆಗೆ ಹಿಡಿದಿದ್ದೇನೆ. ಸವಣೂರಿನ ಮಶೀನು ಸಾಲದೆ ಇನ್ನೊಂದು ಹೊಸ ಮಶೀನು ಕೊಂಡು ಇಲ್ಲಿ ಕೂರಿಸಿದ್ದೇನೆ. ಅದರ ಸದ್ದು ದೊಡ್ಡದು, ಗೋಡೆ ನಡುಗುತ್ತದೆ. ಹಿಂದಿನ ಓಣಿಯಲ್ಲೇ ಸಾವ್ಕಾರ್ರ ಮನೆ. ಮಧ್ಯಾಹ್ನ ಊಟವಾದ ಮೇಲೆ ಅವರಿಗೆ ಒಂದು ತಾಸು ಮಲಗುವ ರೂಢಿ. ಆ ಹೊತ್ತಿಗೆ ನಿಲ್ಲಿಸಲಾದೀತೆ ಎಂದು ಅವರ ಹೆಂಡತಿಯ ಕೈಲಿ ಹೇಳಿಕಳಿಸಿದ್ದರು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಕೂರಿಸಿ, ಚಹಾ ಕೊಟ್ಟು, ನೋಡೂಣ್ರಿ ಎಂದು ಕಳಿಸಿದೆ. ಅಪ್ಪ ಹಾನಗಲ್ಲಿಗೆ ಬಂದ ದಿನ ಊಟದ ಹೊತ್ತಿಗೆ ತಾನೇ ಹೋಗಿ ಸ್ವಿಚ್ಚು ಆರಿಸುತ್ತಾನೆ, ನಾನು ಅಡ್ಡ ಬರುವುದಿಲ್ಲ. ಆದರೆ ಅಪ್ಪನಿಗೆ ವಯಸ್ಸಾಯಿತು, ಅವನು ಸವಣೂರು ಬಿಟ್ಟು ಬರುವುದು ಈಗ ಅಪರೂಪ.